ಕತ್ತರಿ ಇರುವುದು ಆರನೇ ಕೋಣೆಯಲ್ಲಿ

"ಇವತ್ತೇ ಕುಯ್ದು ತೆಗೆದ್ಬಿಡಿ ಡಾಕ್ಟ್ರೇ. ನಾಳೆ ಗೂಡು ಬರುತ್ತೆ, ಬಾಣಲೆ ಮುಂದೆ ಕೂರೋಕೆ ಬೇರೆ ಯಾರೂ ಇಲ್ಲ."

ಶಿಡ್ಲಘಟ್ಟದಿಂದ ಮೊದಲ ಬಸ್ಸು ಹಿಡಿದು ಬಂದಿದ್ದ ಹುಡುಗ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಿದ್ದ. ವಯಸ್ಸು ಇಪ್ಪತ್ತಾರು, ರೇಷ್ಮೆ ನೂಲು ಬಿಚ್ಚುವ ಕೆಲಸ. ದಿನಕ್ಕೆ ಎಂಟು ಗಂಟೆ ಬಿಸಿನೀರಿನಲ್ಲಿ ನೆನೆದ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. ನಡುಬೆರಳಿನ ಬುಡದಲ್ಲಿ, ಅಂಗೈ ಕಡೆಗೆ, ಅವರೆಕಾಳಿನಷ್ಟು ಒಂದು ಗಂಟು. ಅದರ ನೆತ್ತಿಯಲ್ಲಿ ಒಣಗದ ಸಣ್ಣ ಹುಣ್ಣು. ಎಂಟು ತಿಂಗಳಿಂದ ಮುಲಾಮು ಹಚ್ಚಿದ್ದಾನೆ. ಬಾಣಲೆ ಕೆಲಸದವರಿಗೆ ಕೈಹುಣ್ಣು ಹೊಸದಲ್ಲವಾದ್ದರಿಂದ ಮನೆಯವರೂ ಯೋಚಿಸಿಲ್ಲ, ಔಷಧಿ ಅಂಗಡಿಯವರೂ ಯೋಚಿಸಿಲ್ಲ.

ಡಾಕ್ಟರು ಅವನ ಒಪಿಡಿ ಚೀಟಿ ತಿರುಗಿಸಿ ಬೆನ್ನಿನ ಮೇಲೆ ಸಾಲಾಗಿ ಆರು ಚೌಕ ಬರೆದರು. "ನೋಡಪ್ಪಾ, ಇದು ಈ ಕೋಣೆ. ಇದು ಸ್ಕ್ಯಾನಿಂಗ್. ಇದು ಸೂಜಿ. ಇದು ಲ್ಯಾಬು. ಇದು ನಾವೆಲ್ಲ ಕೂತು ಮಾತಾಡೋ ಕೋಣೆ. ಕತ್ತರಿ ಇರೋದು ಆರನೇದರಲ್ಲಿ. ಮಧ್ಯದ ಕೋಣೆ ಹಾರಿ ಅಲ್ಲಿಗೆ ಹೋದ್ರೆ ನಿನಗೇ ನಷ್ಟ."

ಕೈಯಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್‌ಗಳನ್ನು ಪತ್ತೆ ಹಚ್ಚಿ ಶಸ್ತ್ರಚಿಕಿತ್ಸೆ ಮಾಡುವ ಬೆಂಗಳೂರಿನ ಈ ವಿಭಾಗಕ್ಕೆ ನನ್ನನ್ನು ಬಿಟ್ಟುಕೊಂಡದ್ದು ಒಂದು ಷರತ್ತಿನ ಮೇಲೆ: ಆಸ್ಪತ್ರೆಯದಾಗಲಿ, ವೈದ್ಯರದಾಗಲಿ, ರೋಗಿಗಳದಾಗಲಿ ಹೆಸರು ಬರೆಯಕೂಡದು. ಒಪ್ಪಿದೆ. ಆ ಚೀಟಿಯ ಆರು ಚೌಕಗಳನ್ನೇ ನಕ್ಷೆ ಮಾಡಿಕೊಂಡು ಹೊರಟೆ.

ಒಂದನೇ ಕೋಣೆ: ಕಣ್ಣು ಮತ್ತು ಬೆರಳು

ಒಪಿಡಿಯ ಸಾಲು ಕಂಡು ಹೆದರಬೇಕಾಗಿಲ್ಲ. ಕೈಯಲ್ಲಿ ಗಂಟು ಎಂದು ಬರುವವರಲ್ಲಿ ಹೆಚ್ಚಿನವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ನಾನು ಕುಳಿತಿದ್ದ ಎರಡು ಗಂಟೆಯಲ್ಲೇ ಅಂಥ ನಾಲ್ವರನ್ನು ಕಂಡೆ. ಕಾಲೇಜು ಹುಡುಗಿಯೊಬ್ಬಳ ಮಣಿಕಟ್ಟಿನ ಮೇಲಿನ ಗುಳ್ಳೆಗೆ ಡಾಕ್ಟರು ತಮ್ಮ ಮೊಬೈಲಿನ ಟಾರ್ಚ್ ಒತ್ತಿ ಹಿಡಿದರು. ಗುಳ್ಳೆ ಪೂರ್ತಿ ಕೆಂಪಗೆ ಬೆಳಗಿತು. ಒಳಗಿರುವುದು ತಿಳಿಯಾದ ಲೋಳೆ, ಅಂದರೆ ಗ್ಯಾಂಗ್ಲಿಯಾನ್. ದಾಳಿಂಬೆ ತೋಟದ ರೈತರೊಬ್ಬರಿಗೆ ಹಳೆಯ ಮುಳ್ಳೇಟಿನಲ್ಲಿ ಚರ್ಮದ ಚೂರು ಒಳಗೆ ಸೇರಿ ಬೆಳೆದ ಚೀಲ. ಗೃಹಿಣಿಯೊಬ್ಬರಿಗೆ ಉಗುರಿನಡಿ ಕಂಡೂ ಕಾಣದ ನೀಲಿ ಚುಕ್ಕೆ, ತಣ್ಣೀರು ತಾಗಿದರೆ ಜೀವ ಹೋಗುವಷ್ಟು ನೋವು. ಅದು ಗ್ಲೋಮಸ್ ಗಡ್ಡೆ. ಇನ್ನೊಬ್ಬರಿಗೆ ಸ್ನಾಯುರಜ್ಜುವಿನ ಕವಚದ ಮೇಲೆ ಬೆಳೆದ ಗಟ್ಟಿ ಗಂಟು. ಅದು ತೆಗೆದರೂ ಮರಳಬಹುದು, ಪ್ರಾಣಕ್ಕೆ ಮಾತ್ರ ಅಪಾಯವಿಲ್ಲ.

ಸಾರ್ಕೋಮಾ ಈ ಗುಂಪಿನೊಳಗೆ ಮರೆಸಿಕೊಂಡು ಬರುತ್ತದೆ. ಸ್ನಾಯು, ಕೊಬ್ಬು, ನರ, ರಕ್ತನಾಳ, ಕೀಲಿನ ಸುತ್ತಲಿನ ನಾರು, ಹೀಗೆ ಮೈಯ ಮೃದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು, ಆದರೂ ಒಳಗೆ 50ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಕೈಯಲ್ಲಿ ಹುಟ್ಟುವವು ಇನ್ನೂ ವಿರಳ. ಊರಿನ ಡಾಕ್ಟರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಂದನ್ನೂ ಕಾಣದೆ ನಿವೃತ್ತರಾಗಬಹುದು.

"ತೊಡೆಯ ಗಡ್ಡೆಗೆ ನಮಗೊಂದು ಸುಲಭದ ಲೆಕ್ಕ ಇದೆ," ಎಂದರು ಡಾಕ್ಟರು. "ಐದು ಸೆಂಟಿಮೀಟರ್ ದಾಟಿದ್ರೆ ಅನುಮಾನಪಡು ಅಂತ. ಕೈಯಲ್ಲಿ ಆ ಲೆಕ್ಕ ನಡೆಯಲ್ಲ. ಇಲ್ಲಿ ಐದು ಸೆಂಟಿಮೀಟರ್ ಬೆಳೆಯೋಕೆ ಜಾಗ ಎಲ್ಲಿದೆ? ಅವರೆಕಾಳಷ್ಟಿದ್ದಾಗಲೇ ಹಿಡಿಯಬೇಕು."

ಅವರ ಅನುಮಾನಕ್ಕೆ ಗುರಿಯಾಗುವ ಗಂಟುಗಳು ಇವು: ತಿಂಗಳು ತಿಂಗಳಿಗೆ ಬೆಳೆಯುವುದು, ಒಮ್ಮೆ ತೆಗೆದ ಜಾಗದಲ್ಲೇ ಮತ್ತೆ ಎದ್ದದ್ದು, ಅಡಿಯ ಪದರಕ್ಕೆ ಅಂಟಿಕೊಂಡು ಅಲುಗದೆ ಇರುವುದು, ಕಾರಣವಿಲ್ಲದೆ ಮಾಯದ ಹುಣ್ಣಾಗಿರುವುದು. ನೋವಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಲ್ಲ, ಎಷ್ಟೋ ಸಾರ್ಕೋಮಾಗಳು ನೋಯುವುದೇ ಇಲ್ಲ.

ಹುಡುಗನ ಗಂಟನ್ನು ಮುಟ್ಟಿದ ಮೇಲೆ ಡಾಕ್ಟರ ಬೆರಳುಗಳು ಅವನ ಮೊಣಕೈಯ ಒಳಬದಿಗೆ, ಅಲ್ಲಿಂದ ಕಂಕುಳಿಗೆ ಹೋದವು. ಸಾಮಾನ್ಯವಾಗಿ ಸಾರ್ಕೋಮಾ ರಕ್ತದ ಹಾದಿ ಹಿಡಿದು ಶ್ವಾಸಕೋಶಕ್ಕೆ ಹೋಗುತ್ತದೆ. ಆದರೆ ಕೈಯನ್ನೇ ಮೆಚ್ಚಿಕೊಂಡಿರುವ ಒಂದೆರಡು ಬಗೆಗಳು ದುಗ್ಧಗ್ರಂಥಿಗಳ ದಾರಿಯನ್ನೂ ಬಲ್ಲವು. ಗಂಟಿರುವುದು ಬೆರಳಲ್ಲಾದರೂ ಪರೀಕ್ಷೆ ಕಂಕುಳಿನವರೆಗೆ ನಡೆಯುವುದು ಅದಕ್ಕೆ.

ಡಾಕ್ಟರು ಕೊನೆಗೆ ಕೇಳಿದ ಪ್ರಶ್ನೆ ರೋಗದ ಬಗ್ಗೆ ಇರಲಿಲ್ಲ. "ನೂಲು ಬಿಚ್ಚುವಾಗ ಎಳೆ ಯಾವ ಬೆರಳಲ್ಲಿ ಹಿಡೀತೀಯಾ?" ಹುಡುಗ ಗಾಳಿಯಲ್ಲಿ ತೋರಿಸಿದ. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಎರಡನೇ ಕೋಣೆ: ಚಿತ್ರ

ಅವನ ಎಂಆರ್‌ಐ ಹಿಂದಿನ ವಾರವೇ ಆಗಿತ್ತು. ಬೋರಲು ಮಲಗಿ, ಬಲಗೈಯನ್ನು ತಲೆಯಾಚೆ ಚಾಚಿ, ಮುಕ್ಕಾಲು ಗಂಟೆ ಅಲ್ಲಾಡದೆ ಇರಬೇಕು. "ಕೈ ಜೋಮು ಹಿಡಿದು ನನ್ನದೇ ಅಲ್ಲ ಅನ್ನಿಸಿಬಿಡ್ತು," ಎಂದ.

ರೇಡಿಯಾಲಜಿಯ ಮಬ್ಬುಗತ್ತಲ ಕೋಣೆಯಲ್ಲಿ ಮೇಡಂ ಪರದೆಯ ಮೇಲೆ ಅವನ ಅಂಗೈಯನ್ನು ಹಾಳೆ ಹಾಳೆಯಾಗಿ ತಿರುವಿ ಹಾಕುತ್ತಿದ್ದರು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27 ಮೂಳೆಗಳು. ಅವುಗಳ ನಡುವೆ ಹುರಿಗಳಂತೆ ಸ್ನಾಯುರಜ್ಜುಗಳು, ಒಂದೊಂದು ಬೆರಳಿನ ಇಕ್ಕೆಲದಲ್ಲೂ ಜೋಡಿಯಾಗಿ ಸಾಗುವ ನರ ಮತ್ತು ರಕ್ತನಾಳ. ತೊಡೆಯಲ್ಲಾದರೆ ಗಡ್ಡೆಯ ಸುತ್ತ ಒಂದು ಹಿಡಿ ಮಾಂಸ ಬಿಟ್ಟುಕೊಡಬಹುದು. ಬೆರಳಿನಲ್ಲಿ ಚರ್ಮದಿಂದ ಮೂಳೆಗೆ ಇರುವ ದೂರ ಕೆಲವೇ ಮಿಲಿಮೀಟರ್. ಗಡ್ಡೆ ಹುಟ್ಟಿದ ದಿನದಿಂದಲೇ ಯಾವುದೋ ಒಂದು ಮುಖ್ಯ ವಸ್ತುವಿನ ನೆರೆಯಲ್ಲಿರುತ್ತದೆ.

ಮೇಡಂ ಬೆರಳಿನ ಒಳಮೈಯಲ್ಲಿ ಸಾಗುವ ಒಂದು ಕೊಳವೆಯನ್ನು ತೋರಿಸಿದರು. ಮಡಿಸುವ ಸ್ನಾಯುರಜ್ಜುಗಳು ಜಾರಾಡುವ ಕವಚವದು. ನಡುವಿನ ಮೂರು ಬೆರಳುಗಳಲ್ಲಿ ಅದು ಅಂಗೈಯ ಹತ್ತಿರ ಮುಗಿಯುತ್ತದೆ. ಹೆಬ್ಬೆರಳು, ಕಿರುಬೆರಳುಗಳದು ಸಾಮಾನ್ಯವಾಗಿ ಮಣಿಕಟ್ಟಿನವರೆಗೂ ಸಾಗುತ್ತದೆ. ಹಾಗಾಗಿ ಕಿರುಬೆರಳಿನ ತುದಿಯಲ್ಲಿ ಕವಚದೊಳಗೆ ಹೊಕ್ಕ ರೋಗಕ್ಕೆ ಮುಂಗೈಯ ಬಾಗಿಲವರೆಗೆ ದಾರಿ ಸಿದ್ಧವಿರುತ್ತದೆ. ಯಾವ ಗೋಡೆಯ ಆಚೆಗೆ ಗಡ್ಡೆ ದಾಟಿಲ್ಲ ಎಂಬುದನ್ನು ಹೇಳುವುದೇ ಈ ಚಿತ್ರದ ಕೆಲಸ.

"ಎಲ್ಲಿದೆ ಅಂತ ಹೇಳಬಲ್ಲೆ. ಏನು ಅಂತ ಹೇಳಲಾರೆ," ಎಂದರು. "ಚಿತ್ರದಲ್ಲಿ ಹೆಸರು ಬರೆದಿರೋದಿಲ್ಲ."

ಎಂಆರ್‌ಐ ಸೂಜಿಗಿಂತ ಮೊದಲೇ ಆಗಬೇಕು ಎಂದು ಈ ಕೋಣೆಯವರು ಹಟ ಹಿಡಿಯುತ್ತಾರೆ. ಒಮ್ಮೆ ಚುಚ್ಚಿದರೆ ಒಳಗೆ ರಕ್ತ ಹರಡಿ ಗಡ್ಡೆಯ ಅಂಚು ಕಲಸಿಹೋಗುತ್ತದೆ. ಆಮೇಲೆ ಎಷ್ಟು ದುಬಾರಿ ಯಂತ್ರ ತಂದರೂ ಗಡ್ಡೆ ಯಾವುದು, ಗಾಯ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಜೊತೆಗೊಂದು ಸಾದಾ ಎಕ್ಸ್‌ರೇಯನ್ನೂ ಬಿಡುವುದಿಲ್ಲ. ಸೈನೋವಿಯಲ್ ಸಾರ್ಕೋಮಾ ಎಂಬ ಬಗೆಯಲ್ಲಿ ಸುಮಾರು ಮೂರರಲ್ಲೊಂದು ಗಡ್ಡೆಯೊಳಗೆ ಸುಣ್ಣದ ಚುಕ್ಕೆಗಳು ಕಾಣುತ್ತವೆ. ಅವು ಎಂಆರ್‌ಐಗಿಂತ ಎಕ್ಸ್‌ರೇಯಲ್ಲೇ ಸ್ಪಷ್ಟ.

ಮೂರನೇ ಕೋಣೆ: ಸೂಜಿ

ಬಯಾಪ್ಸಿ ಕೋಣೆ ನಮ್ಮ ಅಡುಗೆಮನೆಗಿಂತ ಚಿಕ್ಕದು. ಆದರೂ ಇಡೀ ವಿಭಾಗದಲ್ಲಿ ಹೆಚ್ಚು ಚರ್ಚೆ ನಡೆಯುವುದು ಇಲ್ಲಿ. ಸೂಜಿ ಎಲ್ಲಿ ಚುಚ್ಚಬೇಕು ಎಂದು ತೀರ್ಮಾನಿಸುವವರು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ. ಕಾರಣ ಸರಳವಾಗಿದೆ. ಸೂಜಿ ಹೋದ ದಾರಿಯುದ್ದಕ್ಕೂ ಕ್ಯಾನ್ಸರ್ ಕಣ ಉದುರಿರಬಹುದು, ಆದ್ದರಿಂದ ಆಪರೇಷನ್ ದಿನ ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕು. ನಾಳೆ ಕತ್ತರಿ ಓಡುವ ಗೆರೆಯ ಮೇಲೆಯೇ ಇವತ್ತಿನ ಸೂಜಿ ಇಳಿಯಬೇಕು. ತೆರೆದು ಚೂರು ತೆಗೆಯಬೇಕಾಗಿ ಬಂದರೂ ಗಾಯ ಕೈಯ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಇರಕೂಡದು. ಅಡ್ಡ ಗಾಯ ಆರೋಗ್ಯವಾಗಿದ್ದ ಪಕ್ಕದ ಬೆರಳಿನ ಜಾಗಕ್ಕೂ ರೋಗದ ಕಣಗಳನ್ನು ಹೊತ್ತುಕೊಂಡು ಹೋಗುತ್ತದೆ.

ಹುಡುಗನ ಅಂಗೈಯಲ್ಲಿ ಪೆನ್ನಿನಿಂದ ಉದ್ದ ಗೆರೆ ಎಳೆದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಸ್ಪ್ರಿಂಗ್ ಇರುವ ಟ್ರೂಕಟ್ ಸೂಜಿ "ಟಕ್" ಎಂದಿತು. ಶ್ಯಾವಿಗೆ ಎಳೆಯಂಥ ಬಿಳಿ ಚೂರು ಹೊರಬಂತು. ಅದೇ ತೂತಿನಿಂದ ಕೋನ ಬದಲಿಸಿ ಇನ್ನೂ ಮೂರು. ಮೂರು ಚೂರು ಫಾರ್ಮಲಿನ್ ಬಾಟಲಿಗೆ. ಒಂದನ್ನು ಸಲೈನಿನಲ್ಲಿಟ್ಟು ಟಿಬಿ ಪರೀಕ್ಷೆಗೆ ಕಳಿಸಿದರು. ನಮ್ಮ ದೇಶದಲ್ಲಿ ಒಣಗದ ಹುಣ್ಣು ಎಂದರೆ ಕ್ಷಯವನ್ನೂ ಮರೆಯುವಂತಿಲ್ಲ.

ಎಲ್ಲೆಡೆ ಸಿಗುವ ಸಣ್ಣ ಸೂಜಿಯ ಎಫ್‌ಎನ್‌ಎಸಿ ಸಾಲದೇ ಎಂದು ಕೇಳಿದೆ. "ಅದರಲ್ಲಿ ಬರೋದು ಬಿಡಿ ಕಣಗಳು. ಇಟ್ಟಿಗೆ ರಾಶಿ ನೋಡಿ ಮನೆಯ ನಕ್ಷೆ ಹೇಳು ಅಂದ ಹಾಗೆ. ಸಾರ್ಕೋಮಾದ ಬಗೆ ಹೇಳೋಕೆ ಕಣಗಳು ಹೇಗೆ ಜೋಡಿಸಿಕೊಂಡಿವೆ ಅಂತ ಕಾಣಬೇಕು."

ಈ ಚಿಕ್ಕ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಲೆಕ್ಕವೊಂದಿದೆ. ಅಮೆರಿಕದ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ ಮೂಳೆ ಮತ್ತು ಮೃದು ಅಂಗಾಂಶ ಕ್ಯಾನ್ಸರಿನ 329 ರೋಗಿಗಳ ಬಯಾಪ್ಸಿಗಳನ್ನು ಹಿಂದಿರುಗಿ ನೋಡಿದರು. ಬಯಾಪ್ಸಿಯ ಎಡವಟ್ಟಿನಿಂದಲೇ ಬೇಡದ ಅಂಗಚ್ಛೇದಕ್ಕೆ ಒಳಗಾದವರು ಶೇ 4.5. ಹದಿನಾಲ್ಕು ವರ್ಷದ ಬಳಿಕ, 1996ರಲ್ಲಿ, 597 ರೋಗಿಗಳ ಲೆಕ್ಕ ತೆಗೆದಾಗ ಆ ಪ್ರಮಾಣ ಶೇ 3. ಅಷ್ಟು ವರ್ಷಗಳ ಎಚ್ಚರಿಕೆಯ ನಂತರವೂ ಇಳಿದದ್ದು ಅಷ್ಟೇ. ಅಂತಿಮ ಚಿಕಿತ್ಸೆ ನಡೆಯುವ ಕೇಂದ್ರಕ್ಕೆ ಬರುವ ಮುನ್ನವೇ, ಬೇರೆಡೆ ಮಾಡಿದ ಬಯಾಪ್ಸಿಗಳಲ್ಲಿ ತಪ್ಪುಗಳು ಹಲವು ಪಟ್ಟು ಹೆಚ್ಚಿದ್ದವು.

ಸೂಜಿ ಚುಚ್ಚಿದ ಜಾಗಕ್ಕೆ ಪಟ್ಟಿ ಹಾಕಿಸಿಕೊಂಡು ಹುಡುಗ ಎದ್ದ. "ಅಷ್ಟೇನಾ? ಗಂಟು ಅಲ್ಲೇ ಇದೆಯಲ್ಲ!" ಅವನಿಗೆ ಮುಂದಿನ ಬುಧವಾರದ ತಾರೀಖು ಬರೆದುಕೊಟ್ಟರು.

ನಾಲ್ಕನೇ ಕೋಣೆ: ಗುಲಾಬಿ, ನೇರಳೆ, ಕಂದು

ಚೂರುಗಳ ಹಿಂದೆಯೇ ನಾನೂ ಪೆಥಾಲಜಿ ಲ್ಯಾಬಿಗೆ ಹೋದೆ. ಅಲ್ಲಿ ಅವು ಮೇಣದ ಅಚ್ಚಿನೊಳಗೆ ಕೂರುತ್ತವೆ. ಅಚ್ಚನ್ನು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳ್ಳಗೆ ಹೆರೆದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಗೆ ಎತ್ತಿಕೊಳ್ಳುತ್ತಾರೆ. ಬಣ್ಣ ಹಾಕಿದರೆ ಕಣದ ಕೇಂದ್ರ ನೇರಳೆ, ಉಳಿದದ್ದು ಗುಲಾಬಿ.

ಸೂಕ್ಷ್ಮದರ್ಶಕದ ಮುಂದಿದ್ದ ಹಿರಿಯ ವೈದ್ಯರು ಪಕ್ಕದ ಕಣ್ಣುಕೊಳವೆ ನನಗೆ ಬಿಟ್ಟುಕೊಟ್ಟರು. ಅಲ್ಲಿದ್ದದ್ದು ಬೇರೊಬ್ಬರ ಸ್ಲೈಡ್. ಮೂವತ್ತನಾಲ್ಕು ವರ್ಷದ ಅಂಗನವಾಡಿ ಕಾರ್ಯಕರ್ತೆಯದು, ಬಲಗೈ ಉಂಗುರ ಬೆರಳಿನ ಬುಡದ ಗಂಟು. ನಡುವೆ ಸತ್ತುಹೋದ ಗುಲಾಬಿ ಬಯಲು, ಸುತ್ತ ಕೋಟೆ ಕಟ್ಟಿದಂತೆ ದುಂಡು ಕಣಗಳು. "ಮೊದಲ ನೋಟಕ್ಕೆ ಏನನ್ನಿಸುತ್ತೆ?" ಎಂದು ಜೊತೆಯಲ್ಲಿದ್ದ ಪಿಜಿ ವಿದ್ಯಾರ್ಥಿನಿಯನ್ನು ಕೇಳಿದರು. "ಟಿಬಿ ಗ್ರ್ಯಾನ್ಯುಲೋಮಾ ಸಾರ್." ಹಿರಿಯರು ನಕ್ಕರು. "ಎಲ್ಲರಿಗೂ ಹಾಗೇ ಅನ್ನಿಸುತ್ತೆ. ಅದೇ ಇದರ ಚಾಳಿ."

ಇದರ ಹೆಸರು ಎಪಿಥೀಲಿಯಾಯ್ಡ್ ಸಾರ್ಕೋಮಾ. ಹರೆಯದವರ, ನಡುವಯಸ್ಸಿನವರ ಬೆರಳು, ಅಂಗೈ, ಮುಂಗೈಗಳೇ ಇದಕ್ಕೆ ಹೆಚ್ಚು ಪ್ರಿಯ. ವಾಷಿಂಗ್ಟನ್ನಿನ ಸೇನಾ ಪೆಥಾಲಜಿ ಸಂಸ್ಥೆಯ ಫ್ರಾಂಜ್ ಎನ್ಜಿಂಗರ್ 1970ರಲ್ಲಿ 62 ರೋಗಿಗಳ ಸ್ಲೈಡುಗಳನ್ನು ಒಟ್ಟುಗೂಡಿಸಿ, ಉರಿಯೂತದ ಗಂಟಾದ ಗ್ರ್ಯಾನ್ಯುಲೋಮಾದಂತೆ ವೇಷ ಹಾಕುವ ಸಾರ್ಕೋಮಾ ಇದು ಎಂದು ಗುರುತಿಸಿದರು. ಅಲ್ಲಿಯವರೆಗೆ ಇದು ಹುಣ್ಣೆಂದೋ, ನರುಳ್ಳೆಯೆಂದೋ, ಸೋಂಕೆಂದೋ ಕಡತಗಳಲ್ಲಿ ಸೇರಿಹೋಗುತ್ತಿತ್ತು.

ವೇಷ ಕಳಚಲು ಈಗ ಕಂದು ಬಣ್ಣವಿದೆ. ಐಎನ್‌ಐ1 ಎಂಬ ಪ್ರೋಟೀನು ಆರೋಗ್ಯವಂತ ಕಣಗಳ ಕೇಂದ್ರದಲ್ಲೆಲ್ಲ ಇರುತ್ತದೆ. ಅದಕ್ಕೆ ಅಂಟುವ ಬಣ್ಣ ಹಾಕಿದಾಗ ರಕ್ತನಾಳದ ಗೋಡೆಯ ಕಣಗಳೆಲ್ಲ ಕಂದಾದವು. ಕೋಟೆ ಕಟ್ಟಿದ್ದ ಕಣಗಳು ಮಾತ್ರ ಬಣ್ಣ ಹಿಡಿಯದೆ ಖಾಲಿ ಖಾಲಿ ಉಳಿದವು. ಈ ಸಾರ್ಕೋಮಾದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಗಡ್ಡೆಗಳು ಆ ಪ್ರೋಟೀನನ್ನು ಕಳೆದುಕೊಂಡಿರುತ್ತವೆ. ಸೈನೋವಿಯಲ್ ಸಾರ್ಕೋಮಾಕ್ಕೆ ಗುರುತು ಬೇರೆ: ಎಕ್ಸ್ ಮತ್ತು 18ನೇ ವರ್ಣತಂತುಗಳು ತುಂಡಾಗಿ ಒಂದರ ಚೂರು ಇನ್ನೊಂದಕ್ಕೆ ಅಂಟಿಕೊಂಡಿರುತ್ತವೆ. ಅದರ ಹೆಸರೂ ಒಂದು ತಪ್ಪೇ. ಕೀಲಿನ ಹತ್ತಿರ ಕಂಡಿತೆಂದು ಕೀಲಿನ ಒಳಪೊರೆಯಾದ ಸೈನೋವಿಯಂನ ಹೆಸರಿಟ್ಟರು. ಅದು ಹುಟ್ಟುವುದು ಆ ಪೊರೆಯಲ್ಲಲ್ಲ ಎಂದು ತಿಳಿಯುವ ಹೊತ್ತಿಗೆ ಹೆಸರು ಊರಿಬಿಟ್ಟಿತ್ತು.

ಐದನೇ ಕೋಣೆ: ಹನ್ನೆರಡು ಕುರ್ಚಿ

ಮಧ್ಯಾಹ್ನ ಎರಡಕ್ಕೆ ಉದ್ದ ಮೇಜಿನ ಸುತ್ತ ಸೇರಿದವರು: ಕೈ ಸರ್ಜನ್, ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ರೇಡಿಯಾಲಜಿ ಮೇಡಂ, ಪೆಥಾಲಜಿಯ ಹಿರಿಯರು, ವಿಕಿರಣ ಮತ್ತು ಔಷಧ ಚಿಕಿತ್ಸೆಯವರು, ಫಿಸಿಯೋಥೆರಪಿಸ್ಟ್, ಸಮಾಜ ಕಾರ್ಯಕರ್ತೆ. ಇಂಥ ಒಟ್ಟುಕೂಟದ ಪದ್ಧತಿ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿ ಬೇರೂರಿದೆ. ನಮ್ಮವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಇದೆ. ಕಲಬುರಗಿ, ವಿಜಯಪುರದ ಕಡೆಯವರು ರೈಲು ಹತ್ತಿ ಮುಂಬೈಗೆ, ಪರೇಲಿನಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವುದೂ ಉಂಟು.

ಅಂಗನವಾಡಿ ಕಾರ್ಯಕರ್ತೆಯ ಸರದಿ ಬಂತು. ಅವರು ಹಿಂದಿನ ಬಾಗಿಲಿನಿಂದ ಬಂದವರು. ಅಂದರೆ ಆರನೇ ಕೋಣೆ ಮುಗಿಸಿಕೊಂಡು ಇಲ್ಲಿಗೆ ತಲುಪಿದವರು. ಹೋದ ವರ್ಷ ತಮ್ಮೂರಿನ ಹತ್ತಿರ ಯಾರೋ ಇದನ್ನು ನೀರುಗಂಟು ಎಂದುಕೊಂಡು ಇಪ್ಪತ್ತು ನಿಮಿಷದಲ್ಲಿ ತೆಗೆದಿದ್ದರು. ತೆಗೆದದ್ದನ್ನು ಲ್ಯಾಬಿಗೆ ಕಳಿಸಲಿಲ್ಲ, ಕಸಕ್ಕೆ ಹಾಕಿದರು. ಗಾಯ ಅಡ್ಡಕ್ಕಿತ್ತು. ಆರು ತಿಂಗಳಲ್ಲಿ ಗಂಟು ಮರಳಿತು. ಈಗ ಎಂಆರ್‌ಐಯಲ್ಲಿ ಅಂಗೈಯ ಆ ಅಡ್ಡ ಗೆರೆಯುದ್ದಕ್ಕೂ ಅನುಮಾನದ ನೆರಳು.

ಕೋಣೆಯಲ್ಲಿ ಬೈಗುಳವಿರಲಿಲ್ಲ. ಕೈ ಸರ್ಜನ್ ಇಷ್ಟೇ ಹೇಳಿದರು: "ಮೊದಲೇ ಇಲ್ಲಿಗೆ ಬಂದಿದ್ರೆ ಬೆರಳು ಉಳೀತಿತ್ತು ಅಂತ ನಾನು ಹೇಳಲ್ಲ. ಅಂಗೈಯ ಚರ್ಮ ಇಷ್ಟಗಲ ತೆಗೆಯಬೇಕಾಗ್ತಿರಲಿಲ್ಲ."

ಹಾಗಾದರೆ ಇಡೀ ಕೈಯೇ ಹೋಗಬೇಕೆ? ಒಂದು ಕಾಲಕ್ಕೆ ಉತ್ತರ ಹೌದು ಎಂದೇ ಇತ್ತು. ಅದನ್ನು ಅಲುಗಾಡಿಸಿದ್ದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಒಂದು ಪ್ರಯೋಗ. ಕೈಕಾಲುಗಳ ಸಾರ್ಕೋಮಾ ಇದ್ದ 43 ಮಂದಿಯಲ್ಲಿ 16 ಜನರಿಗೆ ಅಂಗಚ್ಛೇದ, 27 ಜನರಿಗೆ ಅಂಗ ಉಳಿಸಿ ಗಡ್ಡೆ ತೆಗೆದು ವಿಕಿರಣ. ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 1982ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಎರಡು ಗುಂಪುಗಳ ಬದುಕುಳಿಯುವಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೈಯನ್ನು ಬಲಿ ಕೊಟ್ಟ ಮಾತ್ರಕ್ಕೆ ಆಯುಸ್ಸು ಹೆಚ್ಚುವುದಿಲ್ಲ ಎಂಬ ತಿಳಿವಳಿಕೆ ಅಲ್ಲಿಂದ ಬೇರುಬಿಟ್ಟಿತು. ಆದರೆ ಗಡ್ಡೆಯ ಸುತ್ತ ಆರೋಗ್ಯವಂತ ಅಂಗಾಂಶದ ಒಂದು ಪದರ ಬರಲೇಬೇಕು. ಚಿಪ್ಪು ಬಿಡಿಸಿದಂತೆ ಗಡ್ಡೆಯೊಂದನ್ನೇ ಕಿತ್ತರೆ ಬೇರು ಒಳಗೇ ಉಳಿಯುತ್ತದೆ. ಬೆರಳಿನ ಬುಡದಲ್ಲಿ ಆ ಪದರ ಸಿಗಬೇಕೆಂದರೆ ಹಲವು ಸಲ ಬೆರಳನ್ನೇ ಬಿಟ್ಟುಕೊಡಬೇಕಾಗುತ್ತದೆ.

ತೀರ್ಮಾನ ಹೀಗಾಯಿತು: ಉಂಗುರ ಬೆರಳನ್ನು ಅದರ ಅಂಗೈ ಮೂಳೆಯ ಸಮೇತ ತೆಗೆಯುವುದು, ಹಳೆಯ ಗಾಯದ ಚರ್ಮವನ್ನೂ ಜೊತೆಗೆ. ಎದೆಯ ಸಿಟಿ ಸ್ಕ್ಯಾನ್ ಶುಭ್ರವಾಗಿದೆ, ಕಂಕುಳೂ ಸ್ವಚ್ಛ. ಗಾಯ ಮಾಗಿದ ಮೇಲೆ ವಿಕಿರಣ. ಸಮಾಜ ಕಾರ್ಯಕರ್ತೆ ಕೊನೆಗೆ ಬಾಯಿಬಿಟ್ಟರು: "ಬಿಪಿಎಲ್ ಕಾರ್ಡ್ ಇದೆ, ಆರೋಗ್ಯ ಕರ್ನಾಟಕದಲ್ಲಿ ಹಾಕ್ತೀನಿ. ಆದ್ರೆ ಅವರಿಗೆ ಹೇಳೋರು ಯಾರು?" ಎಲ್ಲರೂ ಕೈ ಸರ್ಜನ್ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಎದ್ದರು.

ಆರನೇ ಕೋಣೆ

ಮರುವಾರ ಬುಧವಾರ ಬೆಳಿಗ್ಗೆ ಹಸಿರು ಗೌನು, ಟೋಪಿ ತೊಟ್ಟು ಥಿಯೇಟರಿನ ಮೂಲೆಯಲ್ಲಿ ನಿಂತೆ. ಅಂಗನವಾಡಿ ಕಾರ್ಯಕರ್ತೆಯ ತೋಳಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿದ್ದರು. ಸಾಮಾನ್ಯ ಕೈ ಶಸ್ತ್ರಚಿಕಿತ್ಸೆಯಲ್ಲಿ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತ ರಕ್ತವನ್ನೆಲ್ಲ ಮೇಲಕ್ಕೆ ಹಿಂಡುತ್ತಾರೆ. ಇಲ್ಲಿ ಅದು ನಿಷಿದ್ಧ, ರಕ್ತದ ಜೊತೆ ಕ್ಯಾನ್ಸರ್ ಕಣವನ್ನೂ ಹಿಂಡಿಬಿಟ್ಟಂತಾಗುತ್ತದೆ. ಕೈಯನ್ನು ಕೆಲವು ನಿಮಿಷ ಮೇಲೆತ್ತಿ ಹಿಡಿದರು, ಆಮೇಲೆ ಪಟ್ಟಿಗೆ ಗಾಳಿ ತುಂಬಿದರು. ಅಂಗೈ ಮೇಣದಂತೆ ಬಿಳುಪೇರಿತು.

ಹಳೆಯ ಗಾಯ, ಸೂಜಿಯ ತೂತು ಎರಡನ್ನೂ ಒಳಗೆ ಸೇರಿಸಿ ನೀಲಿ ಗೆರೆ ಎಳೆದಿತ್ತು. ಭೂತಗನ್ನಡಿಯ ಕನ್ನಡಕ ಹಾಕಿದ ಸರ್ಜನ್ ಒಮ್ಮೆಯೂ ಗಡ್ಡೆಯ ಕಡೆಗೆ ಹೋಗಲಿಲ್ಲ. ಎರಡು ಗಂಟೆಯ ಕೆಲಸದಲ್ಲಿ ಗಡ್ಡೆ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದಿದ್ದರೆ ಕೆಲಸ ಕೆಟ್ಟಂತೆ. ಸುತ್ತಲಿನ ಒಳ್ಳೆಯ ಅಂಗಾಂಶದಲ್ಲೇ ಹಾದಿ ಮಾಡಿಕೊಂಡು, ಬೆರಳಿಗೆ ಹೋಗುವ ರಕ್ತನಾಳಗಳನ್ನು ಕಟ್ಟಿ, ಸ್ನಾಯುರಜ್ಜುಗಳನ್ನು ಅಂಗೈಯ ಮೇಲ್ಭಾಗದಲ್ಲಿ ತುಂಡರಿಸಿದರು. ನರಗಳ ತುದಿಗಳನ್ನು ಹಿಂದಕ್ಕೆ ಕತ್ತರಿಸಿ ಸ್ನಾಯುವಿನ ಒಳಗೆ ಹುದುಗಿಸಿದರು. ಚರ್ಮದಡಿ ಬಿಟ್ಟರೆ ಆ ತುದಿ ಗಂಟುಕಟ್ಟಿ, ಇಲ್ಲದ ಬೆರಳು ಜೀವನಪೂರ್ತಿ ನೋಯುತ್ತದೆ. ಕೊನೆಗೆ ಸಣ್ಣ ಗರಗಸ ಅಂಗೈ ಮೂಳೆಯ ಬುಡದಲ್ಲಿ ಒಮ್ಮೆ ಸದ್ದು ಮಾಡಿತು.

ತೆಗೆದದ್ದಕ್ಕೆ ಒಂದು ಬದಿಗೆ ಉದ್ದ ದಾರ, ಇನ್ನೊಂದು ಬದಿಗೆ ಗಿಡ್ಡ ದಾರ ಹೊಲಿದರು. ಲ್ಯಾಬಿನವರಿಗೆ ಮೇಲು ಯಾವುದು, ಬದಿ ಯಾವುದು ಎಂದು ತಿಳಿಯಬೇಕಲ್ಲ. ಅಂಚಿಗೆಲ್ಲ ಶಾಯಿ ಬಳಿದು ಹೆರೆದು ನೋಡಿದಾಗ, ಶಾಯಿಯವರೆಗೆ ರೋಗ ಬಂದಿದೆಯೋ ಇಲ್ಲವೋ ಎಂಬುದೇ ಈ ಎರಡು ಗಂಟೆಯ ಫಲಿತಾಂಶ.

ಕೈಗವಸು, ಸಲಕರಣೆ ಎಲ್ಲ ಬದಲಾಯಿತು. ಇನ್ನು ಚರ್ಮ ಹೊದಿಸುತ್ತಾರೆ ಎಂದು ನಾನು ಕಾದೆ. ಅವರು ಗಾಯದ ಮೇಲೆ ಸ್ಪಂಜು, ಅದರ ಮೇಲೆ ಗಾಳಿಯಾಡದ ಹಾಳೆ ಅಂಟಿಸಿ ಕೊಳವೆ ಜೋಡಿಸಿ ನಿಲ್ಲಿಸಿಬಿಟ್ಟರು. "ಅಂಚು ಶುದ್ಧ ಅಂತ ರಿಪೋರ್ಟ್ ಬರಲಿ. ಆಮೇಲೆ ಮುಚ್ಚೋದು," ಎಂದರು ಪ್ಲಾಸ್ಟಿಕ್ ಸರ್ಜನ್. ವಾರದ ನಂತರ ನಡುಬೆರಳು ಮತ್ತು ಕಿರುಬೆರಳಿನ ಮೂಳೆಗಳನ್ನು ಹತ್ತಿರ ಎಳೆದು ಕಟ್ಟಿ ಸಂದು ಮುಚ್ಚುತ್ತಾರೆ. ತೋಳಿನಿಂದ ತೆಳ್ಳನೆಯ ಚರ್ಮವನ್ನು ಅದರ ರಕ್ತನಾಳದ ಸಮೇತ ತಂದು ಅಂಗೈಗೆ ಹೊದಿಸುತ್ತಾರೆ. ಒಂದೂವರೆ ಮಿಲಿಮೀಟರಿನ ನಾಳವನ್ನು ಸೂಕ್ಷ್ಮದರ್ಶಕದಡಿ ಹೊಲಿಯುವ ಆ ದಾರವನ್ನು ತೋರಿಸಿದರು. ಕೂದಲಿಗಿಂತ ಸಣ್ಣದು, ಬೆಳಕಿಗೆ ಹಿಡಿದರಷ್ಟೇ ಕಾಣುತ್ತದೆ. ನನಗೆ ಶಿಡ್ಲಘಟ್ಟದ ಬಾಣಲೆಗಳಲ್ಲಿ ಗೂಡಿನಿಂದ ಏಳುವ ಎಳೆ ನೆನಪಾಯಿತು.

ಚೀಟಿಯಲ್ಲಿಲ್ಲದ ಕೋಣೆ

ಹೊರಬಂದರೆ ಕಾರಿಡಾರಿನ ಬೆಂಚಿನ ಮೇಲೆ ಅದೇ ಹುಡುಗ. ವರದಿಗೆ ಬಂದಿದ್ದ. ಟಿಬಿ ಪರೀಕ್ಷೆಯ ಫಲಿತಾಂಶಕ್ಕೆ ಇನ್ನೂ ಕಾಯಬೇಕಿತ್ತು, ಕಂದು ಬಣ್ಣದ ಪರೀಕ್ಷೆಯೂ ಬಾಕಿ. ಎರಡು ದಿನ ಬಿಟ್ಟು ಫೋನು ಮಾಡು ಎಂದಿದ್ದರು. ಅವನು ಇನ್ನೂ ನಾಲ್ಕನೇ ಚೌಕದಲ್ಲೇ ಇದ್ದ. ಮುಖದಲ್ಲಿ ಸಿಟ್ಟೂ ಇತ್ತು, ಭಯವೂ ಇತ್ತು.

ಬೆಂಚಿನ ಎದುರಿಗೆ ಫಿಸಿಯೋಥೆರಪಿ ಕೋಣೆ. ಮುರಿದ ಕೈ ಕಟ್ಟುವುದರಲ್ಲಿ ಅರ್ಧ ಪಾಲು ಈ ಕೋಣೆಯದು ಎಂಬುದನ್ನು ದಕ್ಷಿಣ ಭಾರತ ಬಹಳ ಹಿಂದೆಯೇ ಕಲಿತಿದೆ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮಡಚಿಹೋದ ಕೈಗಳ ಸ್ನಾಯುರಜ್ಜುಗಳನ್ನು ಬದಲಿಸಿ ಕೂಡಿಸತೊಡಗಿದಾಗ, ಆ ಕೈ ಮತ್ತೆ ಕೆಲಸ ಕಲಿಯುವವರೆಗೂ ಚಿಕಿತ್ಸೆ ಮುಗಿದಿಲ್ಲ ಎಂಬುದನ್ನು ಜೊತೆಗೇ ತೋರಿಸಿದ್ದರು. ಇಲ್ಲಿನ ಮೇಜಿನ ಮೇಲೆ ಹೆಸರುಕಾಳಿನ ಬಟ್ಟಲು, ಬಟ್ಟೆ ಕ್ಲಿಪ್ಪು, ಬೀಗ-ಕೀಲಿ, ಬೊಗಸೆಯಲ್ಲಿ ಎತ್ತಲು ನೀರಿನ ಟಬ್ಬು. ನಡುವಿನ ಬೆರಳೊಂದು ಹೋದ ಕೈಯ ದೊಡ್ಡ ತಾಪತ್ರಯ ಸಂದಿಯಲ್ಲಿ ಸೋರುವುದು. ಅನ್ನದ ಅಗುಳು, ನೀರು, ಚಿಲ್ಲರೆ ಎಲ್ಲ ಜಾರುತ್ತದೆ. ಪಕ್ಕದ ಮೂಳೆಗಳನ್ನು ಎಳೆದು ಕಟ್ಟುವುದು ಇದಕ್ಕೇ.

ಒಳಗಿಂದ ಬಂದ ಹಿರಿಯರೊಬ್ಬರು ಹುಡುಗನ ಪಕ್ಕ ಕುಳಿತರು. ನಿವೃತ್ತ ಬಸ್ ಕಂಡಕ್ಟರ್, ವರ್ಷಕ್ಕೊಮ್ಮೆಯ ತಪಾಸಣೆಗೆ ಬಂದವರು. ಎಡಗೈಯಲ್ಲಿ ನಾಲ್ಕೇ ಬೆರಳು, ಆದರೆ ಯಾರಾದರೂ ಹೇಳದೆ ಗೊತ್ತಾಗುವಂತಿರಲಿಲ್ಲ. ಹುಡುಗ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಹನ್ನೊಂದು ವರ್ಷ ಆಯ್ತು ಕಣಪ್ಪಾ. ಆಮೇಲೂ ಏಳು ವರ್ಷ ಡ್ಯೂಟಿ ಮಾಡಿದೀನಿ." ಅವರು ಜೇಬಿನಿಂದ ನೋಟು ತೆಗೆದು ಉದ್ದಕ್ಕೆ ಮಡಿಚಿದರು. "ಮೊದಲು ನಾಲ್ಕು ಸಂದು ಇತ್ತು. ಹತ್ತು, ಇಪ್ಪತ್ತು, ಐವತ್ತು, ನೂರು. ಒಂದು ಸಂದು ಹೋಯ್ತಲ್ಲ, ಮೊದಮೊದಲು ಬರೀ ಎಡವಟ್ಟು. ಇಪ್ಪತ್ತು ಅಂತ ನೂರು ಕೊಟ್ಟು ಕೈಯಿಂದ ಕಟ್ಟಿದೀನಿ." ನೋಟುಗಳು ಒಂದೊಂದಾಗಿ ಬೆರಳ ನಡುವೆ ಸೇರಿದವು. "ಆಮೇಲೆ ಹತ್ತು, ಇಪ್ಪತ್ತು ಎರಡನ್ನೂ ಒಂದೇ ಸಂದಿಗೆ ಹಾಕ್ದೆ. ಇಪ್ಪತ್ತು ಒಳಗೆ, ಹತ್ತು ಹೊರಗೆ. ಕೈಗೆ ಅದೂ ಅಭ್ಯಾಸ ಆಯ್ತು."

ಹುಡುಗ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಲಗೈ ಎತ್ತಿ, ಪಟ್ಟಿ ಕಟ್ಟಿದ ನಡುಬೆರಳನ್ನು ಒಳಕ್ಕೆ ಮಡಿಸಿಕೊಂಡ. ಹೆಬ್ಬೆರಳು, ತೋರುಬೆರಳು ಜೋಡಿಸಿ ಕಾಣದ ಎಳೆಯೊಂದನ್ನು ಗಾಳಿಯಿಂದ ನಿಧಾನವಾಗಿ ಮೇಲೆಳೆದ. ಎಳೆ ತುಂಡಾಗಲಿಲ್ಲವೋ ಏನೋ, ಇನ್ನೊಮ್ಮೆ ಎಳೆದ.

"ಶುಕ್ರವಾರ ಫೋನ್ ಮಾಡ್ತೀನಿ ಅಂತ ಒಳಗೆ ಹೇಳ್ಬಿಡಿ ಸಾರ್," ಎಂದು ನನ್ನ ಕಡೆ ತಿರುಗಿದ. ಆರು ಚೌಕಗಳ ಚೀಟಿಯನ್ನು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.